ಇಂಟರ್ನ್‌ಶಿಪ್: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಪದವಿ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಇಂಟರ್ನ್‌ಶಿಪ್ ಜವಾಬ್ದಾರಿಯೂ ನನ್ನದೇ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದು, ವಾಟ್ಸಾಪ್‌ನಲ್ಲಿ ಬಂದಿದ್ದು, ಅಪ್ಪ ಅಮ್ಮಂದಿರು ಫೋನ್ ಮಾಡಿ ವಿಚಾರಿಸಿದ್ದು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳ ಮಾತು ಕೇಳಿದವರದೇ, ತಿದ್ದಲು ಹೋಗಿಲ್ಲ.

## ಮೊದಲಿಗೆ

ಇಂಟರ್ನ್‌ಶಿಪ್ ಅಂದ್ರೆ ಕಂಪನೀಗೆ ಹೋಗಿ ಸುಮ್ನೆ ಕೂತು ಬರೋದಾ ಮೇಡಂ?

ಹಾಗೆ ಕೂತು ಬಂದವರೂ ಇದ್ದಾರೆ, ಪಾಸೂ ಆಗಿದ್ದಾರೆ. ಆದರೆ ಇದು ಇಂಡಸ್ಟ್ರಿಯಲ್ ವಿಸಿಟ್ ಅಲ್ಲ. ವಿಸಿಟ್‌ಗೆ ಬಸ್ ಮಾಡಿಕೊಂಡು ಹೋಗಿ, ನೋಡಿ, ಊಟ ಮಾಡಿ ಬರುತ್ತೇವೆ. ಇಂಟರ್ನ್‌ಶಿಪ್‌ನಲ್ಲಿ ನಿಮಗೊಂದು ಕೆಲಸ, ಅದನ್ನು ಕೊಟ್ಟು ತಿದ್ದುವ ಒಬ್ಬರು, ಹೋಗಿ ಬರುವ ಹೊತ್ತು, ಬರೆದಿಡುವ ಡೈರಿ, ಕೊನೆಗೆ ವರದಿ ಮತ್ತು ವೈವಾ (ಮೌಖಿಕ ಪರೀಕ್ಷೆ) ಇರುತ್ತವೆ. ಕೆಲಸ ಕೊಡುವವರೇ ಇಲ್ಲದ ಕಡೆ ಉಳಿದದ್ದೆಲ್ಲ ಇದ್ದರೂ ಅದು ಇಂಟರ್ನ್‌ಶಿಪ್ ಆಗುವುದಿಲ್ಲ.

ಕ್ರೆಡಿಟ್ ಅಂದ್ರೆ ಏನು? ಒಟ್ಟು ಎಷ್ಟು ದಿನ ಹೋಗ್ಬೇಕು?

ಕ್ರೆಡಿಟ್ ಎಂದರೆ ನೀವು ಹಾಕಿದ ಗಂಟೆಗಳ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ತಂದ ಪದವಿ ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ನಂಥ ಪ್ರಾಯೋಗಿಕ ಕೆಲಸಕ್ಕೆ 30 ಗಂಟೆಗೆ ಒಂದು ಕ್ರೆಡಿಟ್. ಎರಡು ಕ್ರೆಡಿಟ್‌ಗೆ 60 ಗಂಟೆ, ನಾಲ್ಕಕ್ಕೆ 120. ದಿನಕ್ಕೆ ಆರು ಗಂಟೆ ಹೋದರೆ 120 ಗಂಟೆಗೆ ಇಪ್ಪತ್ತು ಕೆಲಸದ ದಿನ ಬೇಕು. ಭಾನುವಾರ, ಹಬ್ಬ, ಮಧ್ಯೆ ಒಂದು ಜ್ವರ ಸೇರಿಸಿ ಒಂದು ತಿಂಗಳು ಎಂದೇ ಇಟ್ಟುಕೊಳ್ಳಿ.

ಎಂಜಿನಿಯರಿಂಗ್‌ನವರಿಗೆ ಲೆಕ್ಕ ಬೇರೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ನೀತಿಯಲ್ಲಿ ಒಂದು ಕ್ರೆಡಿಟ್‌ಗೆ 40ರಿಂದ 45 ಗಂಟೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ 10 ಕ್ರೆಡಿಟ್, ಅವಧಿ 14ರಿಂದ 20 ವಾರ. ಅಂದರೆ ಹೆಚ್ಚುಕಡಿಮೆ ಒಂದು ಸೆಮಿಸ್ಟರ್ ಪೂರ್ತಿ. ತುಮಕೂರಿನ ಸಿದ್ಧಗಂಗಾದಂಥ ಸ್ವಾಯತ್ತ ಕಾಲೇಜುಗಳು ತಮ್ಮದೇ ಸ್ಕೀಮ್ ಮಾಡಿಕೊಳ್ಳುತ್ತವೆ. ಹಾಗಾಗಿ ಬೇರೆ ಕಾಲೇಜಿನ ಗೆಳೆಯ ಹೇಳಿದ ಲೆಕ್ಕವನ್ನು ನಿಮ್ಮದಕ್ಕೆ ಹಾಕಬೇಡಿ.

ನಮ್ಮಕ್ಕನ ಬ್ಯಾಚ್‌ಗೆ ಬೇರೆ ಥರ ಇತ್ತು, ನಮಗೆ ಬೇರೆ ಥರ ಹೇಳ್ತಿದ್ದಾರೆ. ಯಾವುದು ಸರಿ?

ಎರಡೂ ಸರಿ. ಕರ್ನಾಟಕದಲ್ಲಿ 2021-22ರಿಂದ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಓದಿದರು. 2024-25ರಿಂದ ಸೇರಿದವರಿಗೆ ಸರ್ಕಾರ ಮತ್ತೆ ಮೂರು ವರ್ಷದ ಪದವಿ, ಹೊಸ ಪಠ್ಯಕ್ರಮ ತಂದಿತು. ನೀವು ಸೇರಿದ ವರ್ಷದ ಪಠ್ಯಕ್ರಮವೇ ನಿಮ್ಮ ಕಾನೂನು. ತುಮಕೂರು ಜಿಲ್ಲೆಯ ಪದವಿ ಕಾಲೇಜುಗಳು ತುಮಕೂರು ವಿಶ್ವವಿದ್ಯಾಲಯದ ಅಡಿ ಬರುತ್ತವೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದವು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಅಡಿ. ಮಧುಗಿರಿಯ ಹುಡುಗನಿಗೂ ಗೌರಿಬಿದನೂರಿನ ಹುಡುಗನಿಗೂ ಮನೆ ಹತ್ತಿರವೇ ಇರಬಹುದು, ನಿಯಮ ಒಂದೇ ಇರಬೇಕಿಲ್ಲ. ವಿಭಾಗದಲ್ಲಿ ಸಿಲಬಸ್ ಪುಸ್ತಕ ಕೇಳಿ, ಇಂಟರ್ನ್‌ಶಿಪ್ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಆಕ್ಟಿವಿಟಿ ಪಾಯಿಂಟ್ಸ್ ಮುಗ್ಸಿದೀನಿ. ಇಂಟರ್ನ್‌ಶಿಪ್ ಬೇಡ ಅಲ್ವಾ ಸಾರ್?

ಬೇಕು. ಎಂಜಿನಿಯರಿಂಗ್‌ನವರು ಗಳಿಸಬೇಕಾದ 100 ಆಕ್ಟಿವಿಟಿ ಪಾಯಿಂಟ್ (ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ 75) ಸಮಾಜಕ್ಕೆ ಸಂಬಂಧಿಸಿದ ಕೆಲಸದ್ದು. ಅದಕ್ಕೆ ಎಸ್‌ಜಿಪಿಎಯಲ್ಲಿ (ಸೆಮಿಸ್ಟರ್‌ನ ಗ್ರೇಡ್ ಸರಾಸರಿ) ಜಾಗ ಇಲ್ಲ, ಆದರೆ ಅದಿಲ್ಲದೆ ಡಿಗ್ರಿಯೂ ಇಲ್ಲ. ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಉಂಟು, ಗ್ರೇಡ್ ಉಂಟು. ಒಂದರ ಸರ್ಟಿಫಿಕೇಟ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಎಬಿಸಿ ಐಡಿಗೆ ಕಂಪನಿಯವರೇ ಕ್ರೆಡಿಟ್ ಹಾಕ್ತಾರಾ?

ಇಲ್ಲ. ಕಂಪನಿ ಕೊಡುವುದು ಹಾಜರಾತಿ, ಸರ್ಟಿಫಿಕೇಟ್, ಕೆಲವೊಮ್ಮೆ ಅಂಕದ ಫಾರಂ. ಮೌಲ್ಯಮಾಪನ ಮಾಡಿ ಕ್ರೆಡಿಟ್ ಕೊಡುವುದು ಕಾಲೇಜು, ವಿಶ್ವವಿದ್ಯಾಲಯ. ಎಬಿಸಿಗೆ, ಅಂದರೆ ನಿಮ್ಮ ಕ್ರೆಡಿಟ್ ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಏರಿಸುವುದೂ ವಿಶ್ವವಿದ್ಯಾಲಯವೇ. ನೀವು ನೋಡಿಕೊಳ್ಳಬೇಕಾದದ್ದು ಒಂದೇ: ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಯುಯುಸಿಎಂಎಸ್ (ವಿಶ್ವವಿದ್ಯಾಲಯದ ಆನ್‌ಲೈನ್ ದಾಖಲೆ) ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಇನಿಷಿಯಲ್ ಮುಂದೆ, ಇನಿಷಿಯಲ್ ಹಿಂದೆ ಎಂಬ ತಕರಾರು ಕೊನೇ ಸೆಮಿಸ್ಟರ್‌ನಲ್ಲಿ ಕುತ್ತಿಗೆಗೆ ಬರುತ್ತದೆ.

## ಜಾಗ ಹುಡುಕುವುದು

ಬೆಂಗಳೂರಲ್ಲಿ ದೊಡ್ಡ ಕಂಪನೀಲಿ ಮಾಡಿದ್ರೇನೇ ವ್ಯಾಲ್ಯೂ ಅಂತಾರೆ. ನಮ್ಮೂರಲ್ಲಿ ಏನಿದೆ?

ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ. ದೊಡ್ಡ ಹೆಸರಿನ ಕಡೆ ಇಂಟರ್ನ್‌ಗಳು ಹಿಂಡುಹಿಂಡಾಗಿ ಇರುತ್ತಾರೆ, ನಿಮ್ಮ ಕೈಗೆ ಒಂದು ಫೈಲೂ ಬರದೆ ತಿಂಗಳು ಕಳೆಯಬಹುದು. ಚಿಕ್ಕ ಕಡೆ ಜನ ಕಡಿಮೆ, ಕೆಲಸ ಜಾಸ್ತಿ. ಎರಡನೇ ದಿನವೇ ಯಾರೋ ಕರೆದು "ಏ, ಇದನ್ನ ಸ್ವಲ್ಪ ನೋಡಮ್ಮ" ಅನ್ನುತ್ತಾರೆ. ಕಲಿಯುವುದು ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮೂರಲ್ಲಿ ಏನಿದೆ ಎಂದರೆ, ಬೇಕಾದಷ್ಟಿದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಫುಡ್ ಪಾರ್ಕ್, ಮೆಷಿನ್ ಟೂಲ್ ಪಾರ್ಕ್. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಕೆಜಿಎಫ್‌ನಲ್ಲಿ ಬೆಮೆಲ್. ನರಸಾಪುರದಲ್ಲಿ ಹೋಂಡಾ, ಟಾಟಾ ಎಲೆಕ್ಟ್ರಾನಿಕ್ಸ್. ವೇಮಗಲ್, ಮಾಲೂರು, ಗೌರಿಬಿದನೂರಿನ ಕೈಗಾರಿಕಾ ಪ್ರದೇಶಗಳು. ರಕ್ಷಣೆಗೆ ಸಂಬಂಧಿಸಿದ ಕಾರ್ಖಾನೆಗಳಲ್ಲಿ ಒಳಗೆ ಬಿಡಲು ಅನುಮತಿ, ಗುರುತಿನ ದಾಖಲೆಗಳ ಪರಿಶೀಲನೆ ಇರುತ್ತದೆ. ಕಾಲೇಜಿನ ಪತ್ರ ತಿಂಗಳುಗಳ ಮೊದಲೇ ಹೋಗಬೇಕು, ಪರೀಕ್ಷೆ ಮುಗಿದ ಮಾರನೇ ದಿನ ಗೇಟಿನ ಮುಂದೆ ನಿಂತರೆ ಆಗದು.

ಕಾರ್ಖಾನೆಗಳ ಆಚೆಗೂ ಕಣ್ಣು ಹಾಯಿಸಿ. ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. ಒಂದೇ ಬೆಳಿಗ್ಗೆ ಒಂದೇ ಮಂಡಿಯಲ್ಲಿ ಹಣ್ಣಿನ ಬಣ್ಣ, ಗಾತ್ರ, ಗಟ್ಟಿತನ ನೋಡಿ ಬಾಕ್ಸಿಗೆ ಎಷ್ಟು ವ್ಯತ್ಯಾಸ ಬೀಳುತ್ತದೆ, ಹೊರರಾಜ್ಯದ ಲಾರಿ ಬರದ ದಿನ ಏನಾಗುತ್ತದೆ ಎಂದು ಒಂದು ತಿಂಗಳು ಬರೆದಿಟ್ಟ ಬಿಬಿಎ ಹುಡುಗನಿಗೆ ಬೆಲೆ ನಿರ್ಧಾರದ ಪಾಠವನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ಮೂರು ಜಿಲ್ಲೆಗಳ ಹಾಲು ಒಕ್ಕೂಟಗಳು, ಸಹಕಾರಿ ಬ್ಯಾಂಕುಗಳು, ಆಡಿಟರ್ ಆಫೀಸುಗಳು ಇವೆಲ್ಲ ನಿಜವಾದ ಕೆಲಸ ನಡೆಯುವ ಜಾಗಗಳು. ಬೆಂಗಳೂರಿನವರಿಗೆ ಸಿಗದ ಜಾಗಗಳು ಎಂದೂ ಹೇಳಬಹುದು.

ಬಿಎ ಓದ್ತಿರೋರಿಗೆ ಯಾರು ಕೊಡ್ತಾರೆ ಮೇಡಂ?

ಪತ್ರಿಕಾ ಕಚೇರಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಸ್ವಯಂಸೇವಾ ಸಂಸ್ಥೆ, ವಕೀಲರ ಕಚೇರಿ, ಸ್ಥಳೀಯ ಕೇಬಲ್ ಚಾನೆಲ್. ಕೋಲಾರದವರಿಗೆ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ರಂಗಭೂಮಿ, ಜನಪದದ ಕಡೆ ಒಲವಿರುವವರು ಹೋಗಿ ಕೇಳಿ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರದವರು ಪಂಚಾಯಿತಿಯಲ್ಲಿ ಪಿಡಿಒ ಒಪ್ಪಿದರೆ ಉದ್ಯೋಗ ಖಾತ್ರಿ ಕೆಲಸದ ಕಡತ, ಕಂದಾಯ ವಸೂಲಿ, ವಾರ್ಡ್ ಸಭೆಯ ನಡಾವಳಿ ಇಷ್ಟನ್ನು ಹತ್ತಿರದಿಂದ ನೋಡಬಹುದು. ಮುಂದೆ ಕೆಎಎಸ್ ಎಂದು ಹೇಳಿಕೊಂಡು ತಿರುಗುವ ಹುಡುಗರು ಒಂದು ಸಲವಾದರೂ ಪಂಚಾಯಿತಿ ಕಟ್ಟೆ ಹತ್ತಲಿ ಎಂಬುದು ನನ್ನ ಹಳೇ ಹಟ.

ಬಿಎಸ್ಸಿಯೋರು ಲ್ಯಾಬ್ ಎಲ್ಲಿ ಹುಡುಕೋದು?

ಲ್ಯಾಬ್ ಮಾತ್ರ ವಿಜ್ಞಾನವಲ್ಲ. ಸಸ್ಯಶಾಸ್ತ್ರದವರಿಗೆ ತುಮಕೂರು ಪಕ್ಕದ ಹಿರೇಹಳ್ಳಿಯಲ್ಲಿ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಗುಬ್ಬಿ ತಾಲ್ಲೂಕಿನ ರೈತರ ಜಮೀನಿನಿಂದ ಬಂದ 'ಸಿದ್ದು' ಹಲಸು ಹೆಸರಾದದ್ದು ಅಲ್ಲಿನ ವಿಜ್ಞಾನಿಗಳ ಕೈಯಲ್ಲಿ. ರಸಾಯನಶಾಸ್ತ್ರ, ಪರಿಸರ ವಿಜ್ಞಾನದವರಿಗೆ ಕೋಲಾರದಲ್ಲೇ ವಿಷಯ ಕಾದಿದೆ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಕೆರೆ ನೀರು, ಸುತ್ತಲಿನ ಬೋರ್‌ವೆಲ್ ನೀರು ಎರಡನ್ನೂ ಪರೀಕ್ಷಿಸಿ ಹೋಲಿಸುವುದು ಒಳ್ಳೆಯ ಕೆಲಸ. ಭೌತಶಾಸ್ತ್ರದವರ ಪಾಲಿಗೆ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯವಿದೆ. ಅಲ್ಲಿಗೆ ನೇರ ಹೋಗಿ ಕೇಳುವುದಕ್ಕಿಂತ ಅದನ್ನು ನಡೆಸುವ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಪತ್ರ ಹಾಕಿ. ಓದಿನಲ್ಲಿ ಮುಂದಿರುವವರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಹಾಕಬೇಕು. ಏಪ್ರಿಲ್‌ನಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ನಮ್ಮಪ್ಪಂದೇ ಅಂಗಡಿ ಇದೆ. ಅಲ್ಲೇ ಮಾಡಿದ್ರೆ ಆಗಲ್ವಾ?

ಅಪ್ಪ ಸಹಿ ಹಾಕಿದ ಹಾಜರಾತಿಯನ್ನು ಪರೀಕ್ಷಕರು ನಂಬಬೇಕು ಎಂದರೆ ಕಷ್ಟ. ಇನ್ನೊಂದು ತೊಂದರೆ, ಅಂಗಡಿಯಲ್ಲಿ ನೀವು ಈಗಾಗಲೇ ಮಾಡುತ್ತಿರುವುದನ್ನೇ ಮಾಡುತ್ತೀರಿ. ನಾನು ಹೇಳುವ ದಾರಿ ಇದು: ಅಪ್ಪನ ಅಂಗಡಿಗೆ ಸರಕು ಕೊಡುವ ಡಿಸ್ಟ್ರಿಬ್ಯೂಟರ್ ಹತ್ತಿರವೋ, ಲೆಕ್ಕ ನೋಡುವ ಆಡಿಟರ್ ಹತ್ತಿರವೋ ಹೋಗಿ. ಪರಿಚಯ ಇದ್ದೇ ಇರುತ್ತದೆ, ಜಾಗ ಸಿಗುವುದು ಸುಲಭ. ವಾಪಸ್ ಬಂದಾಗ ನಿಮ್ಮ ಅಂಗಡಿಯ ಖರೀದಿ ಬಿಲ್ ಮೊದಲ ಸಲ ನಿಮಗೆ ಅರ್ಥವಾಗುತ್ತದೆ.

ಹೋಗಿ ಏನಂತ ಕೇಳೋದು? ನಾಚಿಕೆ ಆಗುತ್ತೆ.

ಮೊದಲು ಕಾಲೇಜಿನಿಂದ ಲೆಟರ್ ತೆಗೆದುಕೊಳ್ಳಿ: ಹೆಸರು, ರಿಜಿಸ್ಟರ್ ನಂಬರ್, ಸೆಮಿಸ್ಟರ್, ಯಾವ ತಾರೀಕಿನಿಂದ ಎಲ್ಲಿಯವರೆಗೆ, ಪ್ರಾಂಶುಪಾಲರ ಸಹಿ, ಸೀಲು. ಆಮೇಲೆ ಫೋನಿಗಿಂತ ಮುಖತಃ ಹೋಗುವುದು ನಮ್ಮ ಊರುಗಳಲ್ಲಿ ಕೆಲಸ ಮಾಡುತ್ತದೆ. ಆಡಿಟರ್ ಆಫೀಸಾದರೆ ತಿಂಗಳ 11 ಮತ್ತು 20ನೇ ತಾರೀಕಿನ ಆಸುಪಾಸು ಬೇಡ. ಜಿಎಸ್‌ಟಿಆರ್-1, 3ಬಿ ಎಂಬ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡಿಬಿಡಿಯಲ್ಲಿ ನಿಮ್ಮ ಮುಖ ಎತ್ತಿ ನೋಡಲೂ ಅವರಿಗೆ ಪುರುಸೊತ್ತಿರುವುದಿಲ್ಲ. ಮೆಸೇಜ್ ಹಾಕುವುದಾದರೆ ಇಷ್ಟು ಸಾಕು:

"ನಮಸ್ಕಾರ ಸರ್. ನಾನು ಬಿ.ಕಾಂ. ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ಜನವರಿಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಬೇಕಿದೆ. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕದ ಎಂಟ್ರಿ ಮಾಡಲು ಬರುತ್ತದೆ, ರಿಟರ್ನ್ಸ್ ಕೆಲಸ ಕಲಿಯುವ ಆಸೆ. ಕಾಲೇಜಿನ ಪತ್ರ ಇದೆ. ನಿಮಗೆ ಅನುಕೂಲವಾದ ದಿನ ಬಂದು ಭೇಟಿ ಮಾಡಲೇ?"

ಏನು ಬರುತ್ತದೆ, ಏನು ಕಲಿಯಬೇಕು ಎರಡೂ ಇರುವುದರಿಂದ ಈ ಮೆಸೇಜ್‌ಗೆ ಉತ್ತರ ಬರುತ್ತದೆ. "ಸರ್ ಎನಿ ಇಂಟರ್ನ್‌ಶಿಪ್?" ಎಂಬುದಕ್ಕೆ ಬರುವುದಿಲ್ಲ.

ದುಡ್ಡು ಕಟ್ಟಿದ್ರೆ ಒಂದೇ ವಾರದಲ್ಲಿ ಸರ್ಟಿಫಿಕೇಟ್ ಕೊಡ್ತಾರಂತೆ. ನಮ್ಮ ಕ್ಲಾಸ್‌ನಲ್ಲಿ ಎಲ್ಲರೂ ಕಟ್ತಿದ್ದಾರೆ.

ಎಲ್ಲರೂ ಕಟ್ಟುತ್ತಿಲ್ಲ, ಕಟ್ಟಿದವರು ಜೋರಾಗಿ ಹೇಳುತ್ತಿದ್ದಾರೆ ಅಷ್ಟೇ. ಕೆಲಸ ಮಾಡುವವರು ಕೆಲಸ ಮಾಡಿಸಿಕೊಳ್ಳುವವರಿಗೆ ದುಡ್ಡು ಕೊಡುವುದು ಯಾವ ನ್ಯಾಯ? ತರಬೇತಿ ಕೋರ್ಸ್‌ಗೆ ಶುಲ್ಕ ಇರಬಹುದು, ಅದನ್ನು ಕೋರ್ಸ್ ಎಂದೇ ಕರೆಯಲಿ. ಗುರುತು ಹಿಡಿಯುವುದು ಸುಲಭ: ಇಂಟರ್ವ್ಯೂ ಇಲ್ಲದೆ ಆಫರ್ ಲೆಟರ್, ಗೂಗಲ್ ಫಾರಂ ತುಂಬಿದ ಕೂಡಲೇ "ಅಭಿನಂದನೆಗಳು", ಯುಪಿಐ ಕ್ಯೂಆರ್ ಕೋಡ್, ವಿಳಾಸ ಕೇಳಿದರೆ ಬರೀ ಇನ್‌ಸ್ಟಾಗ್ರಾಂ ಪುಟ. ಕಂಪನಿ ಎಂದು ಹೇಳಿಕೊಂಡರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ, ಜಿಎಸ್‌ಟಿ ನಂಬರ್ ಇದ್ದರೆ ಅದನ್ನೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ. ಎರಡಕ್ಕೂ ದುಡ್ಡಿಲ್ಲ, ಎರಡು ನಿಮಿಷ ಸಾಕು.

ಆನ್‌ಲೈನ್ ಇಂಟರ್ನ್‌ಶಿಪ್ ನಡೆಯುತ್ತಾ?

ವಿಭಾಗದ ಒಪ್ಪಿಗೆ ಮೊದಲೇ ಪಡೆದರೆ, ಕೋಡಿಂಗ್, ವಿನ್ಯಾಸ, ಅನುವಾದ, ಬರವಣಿಗೆಯಂಥ ಕೆಲಸಕ್ಕೆ ಪರವಾಗಿಲ್ಲ. ವಾರಕ್ಕೊಮ್ಮೆಯಾದರೂ ವಿಡಿಯೊ ಕರೆಯಲ್ಲಿ ನಿಮ್ಮ ಕೆಲಸ ನೋಡಿ ತಿದ್ದುವ ಮನುಷ್ಯ ಇರಬೇಕು. ರೆಕಾರ್ಡೆಡ್ ವಿಡಿಯೊ ನೋಡಿ ಕ್ವಿಜ್ ಬರೆಯುವುದು ಇಂಟರ್ನ್‌ಶಿಪ್ ಅಲ್ಲ.

ಸ್ಟೈಪೆಂಡ್ ಕೊಡಲೇಬೇಕು ಅಂತ ಕಾನೂನಿಲ್ವಾ? ಬಸ್ ಚಾರ್ಜ್ ಆದ್ರೂ ಬೇಕಲ್ಲ.

ಓದಿನ ಭಾಗವಾದ ಇಂಟರ್ನ್‌ಶಿಪ್‌ಗೆ ಇಷ್ಟೇ ಕೊಡಬೇಕು ಎಂಬ ಕಾನೂನಿಲ್ಲ. 1961ರ ಕಾಯ್ದೆಯಡಿ ನೋಂದಣಿಯಾಗುವ ಅಪ್ರೆಂಟಿಸ್‌ಗೆ ಮಾತ್ರ ಕನಿಷ್ಠ ಮೊತ್ತ ಇದೆ. ಹಾಗಂತ ಕೇಳಬಾರದು ಎಂದಿಲ್ಲ. ಊಟ, ಬಸ್ ಖರ್ಚು ಕೇಳಿ, ಅನೇಕರು ಕೊಡುತ್ತಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ನಮ್ಮ ವಿದ್ಯಾರ್ಥಿನಿಯರು ದಾಬಸ್‌ಪೇಟೆಯವರೆಗೂ ಇಂಟರ್ನ್‌ಶಿಪ್ ಹುಡುಕಲು ಶುರು ಮಾಡಿದ್ದರಲ್ಲಿ ಇದರ ಪಾಲು ದೊಡ್ಡದು. ಹುಡುಗರ ಸ್ಟೂಡೆಂಟ್ ಪಾಸು ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ. ಬೆಂಗಳೂರಿಗೆ ಓಡಾಡುವವರು ರೈಲಿನ ತಿಂಗಳ ಪಾಸು ಮಾಡಿಸಿ. ತುಮಕೂರಿನಿಂದಲೂ ಬಂಗಾರಪೇಟೆಯಿಂದಲೂ ಅದೇ ಅಗ್ಗ.

ಮಗಳನ್ನ ಫ್ಯಾಕ್ಟರಿಗೆ ಕಳಿಸೋಕೆ ಧೈರ್ಯ ಸಾಲ್ತಿಲ್ಲ ಮೇಡಂ. ಏನ್ ಮಾಡ್ಲಿ?

ಚಿಂತಾಮಣಿಯ ತಾಯಿಯೊಬ್ಬರು ಕೇಳಿದ್ದು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ "ಬೇಡ" ಅನ್ನುವ ಮುಂಚೆ ಕೆಲವು ಸಂಗತಿ ವಿಚಾರಿಸಿ: ಹಗಲು ಪಾಳಿಯೇ? ಕಂಪನಿ ಬಸ್ ಇದೆಯೇ, ಕೊನೇ ನಿಲ್ದಾಣ ಎಲ್ಲಿ? ಜೊತೆಗೆ ಅದೇ ಕಾಲೇಜಿನ ಇನ್ನೊಬ್ಬ ಹುಡುಗಿ ಹೋಗುತ್ತಿದ್ದಾಳೆಯೇ? ಉಸ್ತುವಾರಿ ಯಾರದು? ಒಂದು ದಿನ ನೀವೇ ಜೊತೆಗೆ ಹೋಗಿ ಗೇಟಿನವರೆಗೆ ನೋಡಿಕೊಂಡು ಬನ್ನಿ. ಮಗಳು ನಾಳೆ ಕೆಲಸಕ್ಕೆ ಹೋಗಬೇಕಾದದ್ದೂ ಇದೇ ದಾರಿಯಲ್ಲಲ್ಲವೇ, ಅಮ್ಮ?

## ಕೆಲಸದ ದಿನಗಳಲ್ಲಿ

ಬರೀ ಝೆರಾಕ್ಸ್ ಮಾಡಿಸ್ತಾರೆ, ಟೀ ತರೋಕೆ ಹೇಳ್ತಾರೆ.

ಮೊದಲ ವಾರ ಸಹಿಸಿಕೊಳ್ಳಿ, ಆದರೆ ಕಣ್ಣು ಮುಚ್ಚಿಕೊಂಡಲ್ಲ. ಝೆರಾಕ್ಸ್‌ಗೆ ಕೊಟ್ಟ ಕಾಗದವನ್ನು ಓದಿ. ಸಾಲದ ಅರ್ಜಿಗೆ ಯಾವ ಯಾವ ದಾಖಲೆ ಲಗತ್ತಿಸುತ್ತಾರೆ ಎಂದು ಝೆರಾಕ್ಸ್ ಯಂತ್ರದ ಪಕ್ಕ ನಿಂತೇ ಕಲಿತ ಹುಡುಗಿಯನ್ನು ನಾನು ಬಲ್ಲೆ. ಎರಡನೇ ವಾರವೂ ಹಾಗೇ ಆದರೆ ಉಸ್ತುವಾರಿಯವರ ಬಳಿ, ಅವರು ಒಬ್ಬರೇ ಇದ್ದಾಗ, "ಸರ್, ಬಿಲ್ ಎಂಟ್ರಿ ನಾನು ಮಾಡಿ ನಿಮಗೆ ತೋರಿಸಲೇ?" ಎಂದು ಕೇಳಿ. ದೂರು ಹೇಳುವುದಕ್ಕಿಂತ ಒಂದು ಕೆಲಸ ಬೆರಳಿಟ್ಟು ಕೇಳಿದರೆ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಾಲೇಜಿನ ಗೈಡ್‌ಗೆ ತಿಳಿಸಿ, ನಾವು ಫೋನ್ ಮಾಡುತ್ತೇವೆ. ನಾಲ್ಕನೇ ವಾರದಲ್ಲಿ ಹೇಳಿದರೆ ನಮ್ಮ ಕೈಯಲ್ಲೂ ಏನೂ ಇರುವುದಿಲ್ಲ.

ನಂಗೆ ಇಂಗ್ಲಿಷ್ ಬರಲ್ಲ. ಅಲ್ಲಿ ಎಲ್ಲ ಇಂಗ್ಲಿಷಲ್ಲೇ ಮಾತಾಡಿದ್ರೆ?

ಇ-ಮೇಲ್ ಬರೆಯುವಷ್ಟು, ಫೈಲ್ ಓದುವಷ್ಟು ಇಂಗ್ಲಿಷ್ ಬೇಕು, ಅದನ್ನು ಅಲ್ಲೇ ಕಲಿಯುತ್ತೀರಿ. ಹಳೆಯ ಇ-ಮೇಲ್‌ಗಳನ್ನು ನೋಡಿ, ಮತ್ತೆ ಮತ್ತೆ ಬರುವ ಇಪ್ಪತ್ತು ವಾಕ್ಯ ಬರೆದುಕೊಳ್ಳಿ. ಆದರೆ ನಿಮ್ಮ ಹತ್ತಿರ ಇರುವುದನ್ನು ನೀವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆಯವರು ಕನ್ನಡ, ತೆಲುಗು ಎರಡರಲ್ಲೂ ವ್ಯಾಪಾರ ಕುದುರಿಸಬಲ್ಲರು. ಕೆಜಿಎಫ್‌ನವರಿಗೆ ತಮಿಳೂ ಬರುತ್ತದೆ. ಡೀಲರ್‌ಗಳ ಜೊತೆ, ರೈತರ ಜೊತೆ, ಲಾರಿ ಡ್ರೈವರ್ ಜೊತೆ ಮಾತಾಡಬೇಕಾದ ಕಂಪನಿಗೆ ಇದು ಸಣ್ಣ ವಿಷಯವಲ್ಲ. ರೆಸ್ಯೂಮೆಯಲ್ಲಿ ಬರೆಯಿರಿ.

ಅಲ್ಲಿ ಒಬ್ರು ಸರಿಯಾಗಿ ನಡ್ಕೊಳ್ತಿಲ್ಲ. ಯಾರಿಗೆ ಹೇಳೋದು ಗೊತ್ತಾಗ್ತಿಲ್ಲ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಸಂಬಳ ಇಲ್ಲ ಎಂಬುದು ನೆಪವಾಗದು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಕಾಲೇಜಿನಲ್ಲೂ ಇಂಥ ಸಮಿತಿ ಇದೆ. ಮಹಿಳಾ ಸಹಾಯವಾಣಿ 181. ಇದೆಲ್ಲ ಆಮೇಲಿನ ಮಾತು. ಮೊದಲು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿ, ನಂಬುವ ಒಬ್ಬ ಅಧ್ಯಾಪಕರಿಗೆ ಫೋನ್ ಮಾಡಿ. ಗಂಟೆ ಕಡಿಮೆಯಾದರೆ ಬೇರೆ ಕಡೆ ತುಂಬಿಸಬಹುದು, ಅದರ ಚಿಂತೆ ಬೇಡ. ಮೆಸೇಜ್‌ಗಳನ್ನು ಅಳಿಸಬೇಡಿ.

ಮಧ್ಯದಲ್ಲಿ ಬಿಟ್ರೆ ಏನಾಗುತ್ತೆ? ಬ್ಯಾಕ್ ಪೇಪರ್ ಪರೀಕ್ಷೆ ಬಂದಿದೆ.

ಪರೀಕ್ಷೆಯ ವೇಳಾಪಟ್ಟಿ ತೋರಿಸಿ ರಜೆ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಆ ಗಂಟೆಗಳನ್ನು ಕೊನೆಯಲ್ಲಿ ಸೇರಿಸಿ. ಹೇಳದೆ ಕೇಳದೆ ಬಿಟ್ಟು ಬಂದರೆ ನಿಮ್ಮ ಕ್ರೆಡಿಟ್ ಒಂದೇ ಹೋಗುವುದಿಲ್ಲ, ಮುಂದಿನ ವರ್ಷ ನಿಮ್ಮ ಜೂನಿಯರ್‌ಗೆ ಆ ಬಾಗಿಲು ಮುಚ್ಚುತ್ತದೆ. ಹಾಗೆ ಮುಚ್ಚಿದ ಬಾಗಿಲುಗಳು ನಮ್ಮ ಪಟ್ಟಿಯಲ್ಲಿವೆ.

## ಡೈರಿ, ವರದಿ, ವೈವಾ

ಡೈರೀಲಿ ದಿನಾ ಏನು ಬರೆಯೋದು? ಎಲ್ಲ ದಿನಾನೂ ಒಂದೇ ಥರ ಇರುತ್ತೆ.

ಎರಡು ಡೈರಿ ಪುಟ ನೋಡಿ. ಮೊದಲನೆಯದು: "ಇಂದು ಜಿಎಸ್‌ಟಿ ಬಗ್ಗೆ ಕಲಿತೆನು. ತುಂಬಾ ಉಪಯುಕ್ತವಾಗಿತ್ತು."

ಎರಡನೆಯದು: "ಹಾರ್ಡ್‌ವೇರ್ ಅಂಗಡಿಯೊಂದರ 64 ಖರೀದಿ ಬಿಲ್ ಟ್ಯಾಲಿಗೆ ಏರಿಸಿದೆ. ಒಂದರಲ್ಲಿ ಜಿಎಸ್‌ಟಿ ನಂಬರ್ 14 ಅಕ್ಷರವೇ ಇತ್ತು, 15 ಇರಬೇಕು. ಪೋರ್ಟಲ್‌ನಲ್ಲಿ ಸಿಗುವ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿದಾಗ ಎರಡು ಬಿಲ್ ಕಾಣಲಿಲ್ಲ. ಸರಕು ಕೊಟ್ಟವರು ತಮ್ಮ ರಿಟರ್ನ್ ಹಾಕಿಲ್ಲ, ಹಾಕುವವರೆಗೆ ಆ ತೆರಿಗೆಯ ಕ್ರೆಡಿಟ್ ಅಂಗಡಿಯವರಿಗೆ ಸಿಗುವುದಿಲ್ಲ ಎಂದು ಸರ್ ಹೇಳಿದರು. ಫೋನ್ ಮಾಡಬೇಕಾದವರ ಪಟ್ಟಿ ಮಾಡಿಕೊಟ್ಟೆ."

ಮೊದಲನೆಯದನ್ನು ಮನೆಯಲ್ಲಿ ಕೂತು ಒಂದೇ ರಾತ್ರಿಯಲ್ಲಿ ಮೂವತ್ತು ದಿನಕ್ಕೂ ಬರೆಯಬಹುದು, ಬರೆಯುತ್ತಾರೆ ಕೂಡ. ಎರಡನೆಯದನ್ನು ಅಲ್ಲಿದ್ದವರು ಮಾತ್ರ ಬರೆಯಬಲ್ಲರು. ಅವತ್ತಿನದನ್ನು ಅವತ್ತೇ, ಬಸ್ಸಿನಲ್ಲೇ ಆದರೂ, ಬರೆಯಿರಿ. ಎಷ್ಟು, ಎಲ್ಲಿ ತಪ್ಪಾಯಿತು, ಯಾರು ತಿದ್ದಿದರು ಎಂಬ ಮೂರು ಇರಲಿ.

ಕಂಪನಿ ಲೆಕ್ಕ, ಗಿರಾಕಿಗಳ ಹೆಸರು ರಿಪೋರ್ಟ್‌ನಲ್ಲಿ ಹಾಕಬಹುದಾ?

ಕೇಳದೆ ಹಾಕಬೇಡಿ. ಗಿರಾಕಿಯ ಹೆಸರು, ಪಾನ್, ಸಾಲದ ಮೊತ್ತ, ರೋಗಿಯ ವಿವರ ಯಾವುದೂ ಬೇಡವೇ ಬೇಡ. "ಮಧ್ಯಮ ಗಾತ್ರದ ಒಂದು ಹಾರ್ಡ್‌ವೇರ್ ಅಂಗಡಿ" ಎಂದರೆ ಸಾಕು. ಬೋರ್ಡ್ ಮುಂದೆ ನಿಂತ ಸೆಲ್ಫಿ ಪರವಾಗಿಲ್ಲ, ಕಂಪ್ಯೂಟರ್ ಪರದೆಯ ಫೋಟೊ ಕೂಡದು. ಮಂಡಿಯಲ್ಲಿ ಅಧಿಕೃತ ಬಿಲ್ ಇಲ್ಲದೆ ಬಿಳಿ ಚೀಟಿಯಲ್ಲಿ ವ್ಯವಹಾರ ನಡೆಯುವುದನ್ನು ಕಂಡರೆ ಅದು ಹೇಗೆ ನಡೆಯುತ್ತದೆ, ರೈತನಿಗೆ ಏನು ನಷ್ಟ ಎಂದು ಬರೆಯಿರಿ, ಯಾವ ಮಂಡಿ ಎಂದು ಬರೆಯಬೇಡಿ. ವರದಿ ತನಿಖೆಯಲ್ಲ. ಹಾಗಂತ ಕಂಡದ್ದನ್ನು ಕಂಡಿಲ್ಲ ಎಂದು ಬರೆಯುವುದೂ ಬೇಡ.

ವೈವಾದಲ್ಲಿ ಏನು ಕೇಳ್ತಾರೆ?

ಕಂಪನಿ ಯಾವಾಗ ಶುರುವಾಯಿತು, ಧ್ಯೇಯವಾಕ್ಯ ಏನು ಎಂದು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಾನು ಅದನ್ನು ಕೇಳುವುದೇ ಇಲ್ಲ. "ನೀನು ಮಾಡಿದ ಒಂದು ಕೆಲಸ ಶುರುವಿನಿಂದ ಕೊನೆಯವರೆಗೆ ಹೇಳು" ಅನ್ನುತ್ತೇನೆ. ಹಾಲು ಒಕ್ಕೂಟಕ್ಕೆ ಹೋಗಿದ್ದರೆ, ಸಂಘದಲ್ಲಿ ಹಾಲಿನ ಫ್ಯಾಟ್ ಅಳೆದದ್ದರಿಂದ ರೈತನ ಖಾತೆಗೆ ದುಡ್ಡು ಬೀಳುವವರೆಗೆ. ಮಧ್ಯೆ ಒಂದು ಕಡೆ "ಯಾಕೆ?" ಅನ್ನುತ್ತೇನೆ. ಕೆಲಸ ಮಾಡಿದವರು ಆ ಪ್ರಶ್ನೆಗೆ ಖುಷಿಯಾಗುತ್ತಾರೆ.

## ಮುಂದಿನ ದಾರಿ

ರೆಸ್ಯೂಮೆಯಲ್ಲಿ ಹೇಗೆ ಬರೆಯೋದು?

"ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದ್ದೇನೆ" ಎಂದಲ್ಲ. ಏನು ಮಾಡಿದಿರಿ, ಯಾವ ಸಾಫ್ಟ್‌ವೇರ್‌ನಲ್ಲಿ, ಎಷ್ಟು. ಡೈರಿ ಸರಿಯಾಗಿ ಬರೆದಿದ್ದರೆ ಎರಡು ಸಾಲು ಅದರಿಂದಲೇ ಸಿಗುತ್ತದೆ. ಉಸ್ತುವಾರಿಯವರ ಒಪ್ಪಿಗೆ ಪಡೆದು ಅವರ ಹೆಸರನ್ನು ರೆಫರೆನ್ಸ್ ಎಂದು ಹಾಕಿ. ಹಬ್ಬಕ್ಕೊಂದು ನಮಸ್ಕಾರದ ಮೆಸೇಜ್ ಹಾಕುತ್ತಿರಿ. ನಮ್ಮಲ್ಲಿ ಮೊದಲ ಕೆಲಸ ಬಹುಪಾಲು ಇಂಥ ಪರಿಚಯದಿಂದಲೇ ಬರುತ್ತದೆ.

ಡಿಗ್ರಿ ಆದ್ಮೇಲೆ ಅಪ್ರೆಂಟಿಸ್, ಪಿಎಂ ಇಂಟರ್ನ್‌ಶಿಪ್, ಯುವನಿಧಿ ಎಲ್ಲ ಇದೆಯಲ್ಲ. ಎಲ್ಲಕ್ಕೂ ಹಾಕಬಹುದಾ?

ಮೂರೂ ಬೇರೆ ಬೇರೆ, ಒಂದರ ಜೊತೆ ಒಂದು ಹೊಂದುವುದಿಲ್ಲ.

ಅಪ್ರೆಂಟಿಸ್‌ಶಿಪ್‌ಗೆ ಒಪ್ಪಂದ ಉಂಟು, ಸ್ಟೈಪೆಂಡ್ ಕಡ್ಡಾಯ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಇಟ್ಟಿದ್ದರು. ನೋಂದಣಿ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ. ದಕ್ಷಿಣ ರಾಜ್ಯಗಳ ಪದವೀಧರ ಅಪ್ರೆಂಟಿಸ್‌ಗಳ ವ್ಯವಹಾರ ನೋಡುವ ಮಂಡಳಿ ಚೆನ್ನೈನಲ್ಲಿದೆ. ಕಾರ್ಖಾನೆ ಕೆಲಸ ಮನಸ್ಸಿನಲ್ಲಿದ್ದರೆ ನನ್ನ ಓಟು ಇದಕ್ಕೇ.

ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆಗ ಇಟ್ಟ ನಿಯಮದಂತೆ ವಯಸ್ಸು 21ರಿಂದ 24, ಒಂದು ವರ್ಷದ ಅವಧಿ, ತಿಂಗಳಿಗೆ 5,000 ರೂಪಾಯಿ, ಒಂದು ಸಲ 6,000. ಪೂರ್ಣಾವಧಿ ಓದುತ್ತಿರುವವರಿಗೆ ಅವಕಾಶ ಇಲ್ಲ. ಆದ್ದರಿಂದ ಸೆಮಿಸ್ಟರ್ ಕ್ರೆಡಿಟ್‌ಗೆ ಇದನ್ನು ನಂಬಿ ಕೂರಬೇಡಿ.

ಯುವನಿಧಿ ತರಬೇತಿಯಲ್ಲ, ಭತ್ಯೆ: ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಅಪ್ರೆಂಟಿಸ್ ವೇತನ ಪಡೆಯುವವರಿಗೆ, ಓದು ಮುಂದುವರಿಸುವವರಿಗೆ ಇದಿಲ್ಲ.

ಇಂಟರ್ನ್‌ಶಿಪ್ ಮಾಡಿದ ಕಡೇನೇ ಈಗಲೇ ಕೆಲಸಕ್ಕೆ ಬಾ ಅಂತಿದ್ದಾರೆ. ಇನ್ನೂ ಒಂದು ಸೆಮಿಸ್ಟರ್ ಇದೆ. ಹೋಗ್ಲಾ?

ಮನೆಯ ಕಷ್ಟ ನೋಡಿ ಈ ಪ್ರಶ್ನೆ ಕೇಳುವವರಿಗೆ "ಡಿಗ್ರಿ ಮುಗಿಸು" ಎಂದು ಹೇಳಿ ಕಳಿಸುವುದು ನನಗೆ ಸುಲಭ, ನಿಮಗಲ್ಲ. ಹಾಗಾಗಿ ಲೆಕ್ಕ ಹಾಕಿ ನೋಡೋಣ. ಡಿಗ್ರಿ ಇಲ್ಲದೆ ಸೇರಿದರೆ ಯಾವ ಹುದ್ದೆ, ಮುಗಿಸಿ ಸೇರಿದರೆ ಯಾವ ಹುದ್ದೆ, ಸಂಬಳದಲ್ಲಿ ಎಷ್ಟು ವ್ಯತ್ಯಾಸ ಎಂದು ಎಚ್‌ಆರ್‌ಗೆ ನೇರವಾಗಿ ಕೇಳಿ. ಬಹಳ ಕಡೆ ಅವರಿಗೆ ನೀವು ಬೇಕಾಗಿರುತ್ತೀರಿ, ಆತುರ ಅಷ್ಟಿರುವುದಿಲ್ಲ. "ಶನಿವಾರ ಮತ್ತು ರಜೆಯಲ್ಲಿ ಬರುತ್ತೇನೆ, ಪರೀಕ್ಷೆ ಮುಗಿದ ಮೇಲೆ ಪೂರ್ತಿ ಸೇರುತ್ತೇನೆ" ಎಂದರೆ ಚಿಕ್ಕ ಆಫೀಸಿನವರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪಿದರೆ ಸೇರುವ ತಾರೀಕು, ಸಂಬಳ ಎರಡನ್ನೂ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ, ಹೂಂ ಅನ್ನುವ ಮುಂಚೆ ಒಂದು ಸಲ ನನ್ನ ಹತ್ತಿರ ಬನ್ನಿ. ಹಾಜರಾತಿ ಕಡಿಮೆ ಬಿದ್ದರೆ ಎಷ್ಟರವರೆಗೆ ಸರಿದೂಗಿಸಬಹುದು ಎಂದು ಪ್ರಾಂಶುಪಾಲರ ಜೊತೆ ಕೂತು ನೋಡಬಹುದು.